ಬಾಯಿಕುಕ್ಕೆಯ ಹೊತ್ತಿನ ಸಭೆ

ಕಣದ ಎತ್ತುಗಳಿಗೆ ದಿನಾ ಸಂಜೆ ಸಿಗುತ್ತಿದ್ದ ಬೇಯಿಸಿದ ಹುರುಳಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಕಣಜದ ಹೆಗ್ಗಣಗಳು ಮಾತ್ರ ಕೊಬ್ಬುತ್ತಿದ್ದವು. ಎತ್ತುಗಳು ಯಜಮಾನ ನರಿಗೆ ದೂರು ಕೊಟ್ಟವು.

"ಪದ್ಧತಿಯನ್ನೇ ಸುಧಾರಿಸೋಣ. ಎಲ್ಲರ ಅಭಿಪ್ರಾಯ ಕೇಳಿಯೇ ತೀರ್ಮಾನ," ಎಂದಿತು ನರಿ.

ಸುದ್ದಿ ತಿಳಿದು ಹಿರಿಯ ಹೆಗ್ಗಣ ಓಡಿಬಂತು. "ಬುದ್ಧೀ, ಅವು ಬಾಯಿ ತೆರೆದರೆ ನಾವು ಉಳಿಯುವುದುಂಟೇ?"

"ಹೆದರಬೇಡ. ಸಭೆಯ ಹೊತ್ತನ್ನು ಗೊತ್ತುಮಾಡುವವನು ನಾನು."

ನರಿ ಸಭೆ ಕರೆದದ್ದು ಒಕ್ಕಣೆಯ ನಡುವೆ. ತೆನೆ ತುಳಿಯುವ ಎತ್ತು ಕಾಳಿಗೆ ಬಾಯಿ ಹಾಕದಿರಲೆಂದು ಆಗ ಅದರ ಮೂತಿಗೆ ಹಗ್ಗದ ಕುಕ್ಕೆ ಬಿಗಿಯುವುದು ವಾಡಿಕೆ. ಹೆಗ್ಗಣ ಎದ್ದು ನಿಂತಿತು. "ಹುರುಳಿಯನ್ನು ದಿನಾ ಹಂಚುವುದು ದಂಡ. ಎಲ್ಲವನ್ನೂ ಕಣಜಕ್ಕೆ ತುಂಬಿ, ಕಾವಲು ನಮಗೆ ವಹಿಸಿ. ಕಷ್ಟಕಾಲಕ್ಕೆ ಎತ್ತುಗಳಿಗೇ ಆಗುತ್ತದೆ."

"ಬೇಡವೆನ್ನುವವರು ಧಾರಾಳವಾಗಿ ಹೇಳಬಹುದು," ಎಂದಿತು ನರಿ.

ಎತ್ತುಗಳು ಜೋರಾಗಿ ತಲೆ ಕೊಡವಿದವು. ಕೊರಳ ಗಂಟೆಗಳು ಕಣದ ತುಂಬ ಮೊಳಗಿದವು.

"ಎಷ್ಟು ಸಂತೋಷ ನೋಡಿ! ಸರ್ವಾನುಮತ," ಎಂದು ನರಿ ಸಭೆ ಮುಗಿಸಿತು.

ಕುಕ್ಕೆ ಬಿಚ್ಚಿದ್ದೇ ತಡ, ಕೆಂದ ಎಂಬ ಮುದಿ ಎತ್ತು ನರಿಯ ಬಳಿಗೆ ಧಾವಿಸಿತು. "ನಾವು ಬೇಡವೆಂದು ತಲೆ ಆಡಿಸಿದ್ದು!"

"ಹಾಗಾದರೆ ಮುಂದಿನ ಸಭೆಯಲ್ಲಿ ಹೇಳು. ಅದು ಮುಂದಿನ ವರ್ಷದ ಒಕ್ಕಣೆಯ ಹೊತ್ತಿಗೆ."

ಅಂದಿನಿಂದ ಗೋದಲಿಗೆ ಹುರುಳಿ ಬೀಳಲಿಲ್ಲ. ಸುಗ್ಗಿ ಮುಗಿಯುವ ಮೊದಲೇ ಕೆಂದ ಕಣದ ನಡುವೆ ಕುಸಿಯಿತು, ಮೂತಿಗೆ ಕಟ್ಟಿದ ಕುಕ್ಕೆಯೊಡನೆ. ಹೆಗ್ಗಣ ಕಣಜದಿಂದ ಇಳಿದುಬಂದು, ಬಾಯಿತುಂಬ ಹುರುಳಿ ಜಗಿಯುತ್ತ ಹೆಣವನ್ನು ಕೇಳಿತು:

"ಅಷ್ಟೊಂದು ಹಸಿವಾಗಿದ್ದರೆ, ಒಂದು ಮಾತು ಹೇಳಬಾರದಿತ್ತೇ?"