ಮೂರು ಸೀಟಿಯ ವಿಚಾರಣೆ

ವೇಳೆ: ಮಧ್ಯಾಹ್ನ ಹನ್ನೆರಡೂವರೆ. ಹವೆ: ಸೆಕೆ. ಹಾಜರಿದ್ದವರು: ಹಳೆಯ ಕುಕ್ಕರ್, ಹೆಸರಾಂತ ವಾಸ್ತುಶಿಲ್ಪಿಯೊಬ್ಬರು ರೂಪಿಸಿದ ಹೊಸ ಕೆಟಲ್, ಸೊಸೆ ವಾರಿಜಾ ಮತ್ತು ಅವಳ ಮಾವ, ನಿವೃತ್ತ ಹೆಡ್‌ಮಾಸ್ಟರ್ ಅನಂತಯ್ಯನವರು.

ಕುಕ್ಕರಿನಲ್ಲಿ ಬೇಳೆ ಬೇಯುತ್ತಿತ್ತು; ಪಕ್ಕದ ಒಲೆಯಲ್ಲಿ ಕೆಟಲ್ ನೀರು ಕಾಯಿಸುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ವಾರಿಜಾ ಮೂರು ಸೀಟಿ ಎಣಿಸಿ, ಬಂದು ಎರಡೂ ಒಲೆ ಆರಿಸಿದಳು.

ಊಟಕ್ಕೆ ಕುಳಿತ ಮಾವನ ಹೊಸ ಹಲ್ಲುಸೆಟ್ಟಿನಲ್ಲಿ ಬೇಳೆ ಕಟಕ್ಕೆಂದಿತು.

"ಮೂರು ಸೀಟಿ ಕೂಗಿಯೂ ಬೇಯಿಸದ ಕುಕ್ಕರನ್ನು ಇವತ್ತೇ ಗುಜರಿಗೆ ಹಾಕಮ್ಮ."

"ಸ್ವಾಮಿ, ನಾನು ಕೂಗಿದ್ದು ಒಂದೇ ಸಲ," ಎಂದಿತು ಕುಕ್ಕರ್.

"ಸಾಕ್ಷಿ ಯಾರು?"

ಕೆಟಲ್ ಮೂತಿಯನ್ನು ಗೋಡೆಯತ್ತ ತಿರುಗಿಸಿತು. ಕುಕ್ಕರಿನ ಕಥೆ ಮುಗಿಯಿತು ಎನ್ನುವಷ್ಟರಲ್ಲಿ ವಾರಿಜಾ, "ಆದರೂ ಮಾವ, ಕೊನೆಯ ಎರಡು ಸೀಟಿ ಎಷ್ಟು ಇಂಪಾಗಿದ್ದವು! ನಮ್ಮ ಕುಕ್ಕರಿಗೆ ಇಂಥ ಕಂಠ ಇದೆಯೆಂದೇ ಗೊತ್ತಿರಲಿಲ್ಲ," ಎಂದಳು.

ಕೆಟಲ್ ತಡೆದುಕೊಳ್ಳಲಾರದೆ ಹೋಯಿತು. "ಅದರ ಕಂಠವೇ? ಆ ಎರಡೂ ನನ್ನವು! ನೀರು ಕುದಿದರೆ ಸೀಟಿ ಹೊಡೆಯುವ ನನ್ನ ಮೂತಿಗೆ ನಕ್ಷೆ ಬರೆದವರು ಅರಮನೆಗಳಿಗೆ ನಕ್ಷೆ ಬರೆದವರು!"

ಅನಂತಯ್ಯನವರು ಕನ್ನಡಕ ಸರಿಪಡಿಸಿಕೊಂಡು ತೀರ್ಪು ಹೇಳಿದರು: "ಇನ್ನೊಬ್ಬರ ಹಾಜರಿಗೆ ಕೂಗಿದವನು ಬೇಳೆ ಬೇಯುವವರೆಗೂ ಬೆಂಚಿನ ಮೇಲೆ ನಿಲ್ಲಲಿ."