ತೀರ್ಥದ ಜೊತೆ ನುಂಗಿದ ಮಾತ್ರೆ

ದೇವರ ದಯೆ ದೊಡ್ಡದು. ಗಂಟೆಗೂ ಮಾತ್ರೆಗೂ ಅವನು ಮಾತಾಡುವ ಶಕ್ತಿ ಕೊಟ್ಟಿದ್ದಾನೆ. ತಿರುಮಲಾಚಾರ್ಯರ ದೇವರ ಕೋಣೆಯಲ್ಲಿ ಒಂದು ಬೆಳಿಗ್ಗೆ ಅವೆರಡೂ ಅಕ್ಕಪಕ್ಕ ಕೂತಿದ್ದವು.

“ಪೂಜೆಯ ಜಾಗದಲ್ಲಿ ನಿನಗೇನಯ್ಯಾ ಕೆಲಸ?” ಎಂದಿತು ಗಂಟೆ.

“ನಾನು ಆಲ್ಫಾ ಬ್ಲಾಕರ್. ಆಚಾರ್ಯರ ರಕ್ತದೊತ್ತಡ ಇಳಿಸಬೇಕು, ಪ್ರಾಸ್ಟೇಟ್ ಗ್ರಂಥಿ ಊದಿ ಕಟ್ಟಿದ ಮೂತ್ರಕ್ಕೆ ದಾರಿ ಬಿಡಿಸಬೇಕು. ಹೊಸದಾಗಿ ನನ್ನನ್ನು ನುಂಗಿದವರು ಥಟ್ಟನೆ ಎದ್ದರೆ ತಲೆ ತಿರುಗಿ ಬೀಳುತ್ತಾರೆ. ಅದಕ್ಕೇ ಡಾಕ್ಟರು ಮಲಗುವಾಗ ತಗೊಳ್ಳಿ ಅಂದಿದ್ದರು. ಇವರು, ಬೆಳಗಿನ ನಿರ್ಮಾಲ್ಯ ತೀರ್ಥದ ಜೊತೆ ತಗೊಂಡರೆ ಇನ್ನೂ ಶ್ರೇಷ್ಠ ಅಂತ ಇಲ್ಲಿ ತಂದಿಟ್ಟರು.”

“ದೇವರ ಮುಂದೆ ಯಾರ ತಲೆಯೂ ತಿರುಗುವುದಿಲ್ಲ. ನಾನು ಕೂಗಿದರೆ ಸಾಕು, ಎಂಥವರೂ ಎದ್ದು ನಿಲ್ಲುತ್ತಾರೆ!”

ಆಚಾರ್ಯರು ಮಾತ್ರೆ ನುಂಗಿ ಪೂಜೆಗೆ ಕೂತರು. ಪೂಜೆ ಮುಗಿಯುತ್ತಾ ಬಂದು, ಅವರು ಸಾಷ್ಟಾಂಗ ಹಾಕಿದ್ದಾಗ ಹೆಂಡತಿ ಪದ್ಮಾವತಮ್ಮ ಮಂಗಳಾರತಿಗೆ ಗಂಟೆ ಬಾರಿಸಿದರು. ಆಚಾರ್ಯರು ದಡಕ್ಕನೆ ಎದ್ದರು. ಕಣ್ಣು ಕತ್ತಲಿಟ್ಟಿತು. ಆಸರೆಗೆ ಹೆಂಡತಿಯ ಕೈಲಿದ್ದ ಗಂಟೆಯನ್ನೇ ಹಿಡಿದು, ಅದರ ಸಮೇತ ನೆಲಕ್ಕುರುಳಿದರು.

“ಕೃಷ್ಣಾ! ನಮ್ಮನೆಯವರು ಭಕ್ತಿಪರವಶ ಆಗಿಬಿಟ್ರು!” ಎಂದು ಪದ್ಮಾವತಮ್ಮ ಕೈಮುಗಿದರು.

“ಪರವಶ ಅಲ್ಲ ಕಣೇ, ಮಾತ್ರೆ! ಕೈಮುಗಿದದ್ದು ಸಾಕು, ಡಾಕ್ಟರಿಗೆ ಫೋನ್ ಮಾಡು,” ಎಂದರು ಆಚಾರ್ಯರು ಬಿದ್ದಲ್ಲಿಂದಲೇ.

ಈಗ ಉಳಿದ ಮಾತ್ರೆಗಳು ಮಂಚದ ಪಕ್ಕದಲ್ಲಿವೆ, ನುಂಗುವುದು ಮಲಗುವಾಗಲೇ. ಆಚಾರ್ಯರು ನಮಸ್ಕಾರ ಮಾಡಿ, ಸ್ವಲ್ಪ ಹೊತ್ತು ಕೂತಿದ್ದು, ಗೋಡೆ ಹಿಡಿದು ಏಳುತ್ತಾರೆ. ಅಲ್ಲಿಯವರೆಗೆ ದೇವರು ನಗುತ್ತಾ ಕಾಯುತ್ತಾನೆ. ಅವಸರ ಇದ್ದದ್ದು ಗಂಟೆಗೆ ಮಾತ್ರ. ಬಿದ್ದ ದಿನವೇ ಅದರ ನಾಲಗೆ ಕಳಚಿಹೋಯಿತು.