ಅಡಿವೆಪ್ಪ ಅವ್ವನಿಗೆ ಊಟ ಹುಡುಕಿದ್ದು

ಹೂಂ ಅನ್ನುವವರು ಒಬ್ಬರಾದರೂ ಇದ್ದರೆ ಹೇಳುತ್ತೇನೆ. ಜಾಣರ ಕತೆ ಬೇಕಾದವರು ಈಗಲೇ ಎದ್ದು ಹೋಗಬಹುದು, ನನ್ನ ಹತ್ತಿರ ಅದು ಇಲ್ಲ.

ನವಲಗುಂದದ ಬಸ್ ಸ್ಟ್ಯಾಂಡಿನ ಹಿಂದೆ ನಿಂಬೆವ್ವನ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಾನೂ ಆ ರೊಟ್ಟಿ ತಿಂದವನೇ, ಹಾಗಾಗಿ ಆಕೆಯ ಮಗನನ್ನು ಆಡಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಆದರೂ ಇದ್ದದ್ದು ಇದ್ದಂಗೆ ಹೇಳಬೇಕಲ್ಲ. ಅಡಿವೆಪ್ಪನಿಗೆ ಮೀಸೆ ಬಂದು ಹತ್ತು ವರ್ಷ ಆಗಿತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಒಂದು ದಿನ ಅವ್ವ ಅಂದಳು, “ಅಡಿವೆಪ್ಪಾ, ನಮ್ಮ ಬಾಗಿಲಿಗೆ ಬಂದವರು ಹಸಕೊಂಡು ಹೋಗಬಾರದು ನೋಡು.” ಅಷ್ಟೇ ಅಂದಳು. ಅಡಿವೆಪ್ಪ ಕರೆಂಟಿನ ಮೀಟರ್ ನೋಡಲು ಬಂದವನನ್ನು ಹಿಡಿದು ಕೂರಿಸಿ, ಬಾಗಿಲಿಗೆ ಅಗಳಿ ಹಾಕಿ, ನಾಲ್ಕು ರೊಟ್ಟಿ ತಿನ್ನಿಸಿಯೇ ಬಿಟ್ಟ. ಪಾಪ, ಆ ಮನುಷ್ಯನದು ಅವತ್ತು ಉಪವಾಸ.

“ಅಯ್ಯ ನನ್ನ ಹಣೆಬರಹವೇ!” ಎಂದು ನಿಂಬೆವ್ವ ಹಣೆ ಚಚ್ಚಿಕೊಂಡಳು. “ನಾ ಹೇಳಿದ್ದಷ್ಟೂ ಮಾಡತಾನ, ನಾ ಹೇಳಿದ್ದಷ್ಟs ಮಾಡತಾನ. ಇವನ್ನ ಕಟಕೊಂಡು ನಾ ಏನ್ ಮಾಡ್ಲಿ?”

ಹೀಗಿರುವಾಗ ಆಕೆ ಮಿಕ್ಸರ್ ಕೊಂಡ ಅಂಗಡಿಯಲ್ಲಿ ಲಕ್ಕಿ ಡ್ರಾ ಎತ್ತಿದರು. ಮೊದಲ ಬಹುಮಾನ ನಿಂಬೆವ್ವನಿಗೆ! ಏನು ಬಹುಮಾನ? ಗೋವಾದ ಸಮುದ್ರದ ದಂಡೆಯಲ್ಲಿ ಸಾಲಾಗಿ ಮೂರು ಕ್ಯಾಸಿನೋ ರಿಸಾರ್ಟ್. ಮೂರರಲ್ಲಿ ಮನಸ್ಸಿಗೆ ಬಂದದ್ದನ್ನು ಆರಿಸಿಕೊಳ್ಳಬೇಕು. ಇಬ್ಬರಿಗೆ ಒಂದು ದಿನದ ವಸ್ತಿ, ಒಂದು ಊಟ, ಪುಕ್ಕಟೆ.

“ಜೂಜಿನ ಮನ್ಯಾಗ ನಿಂದೇನ್ ಕೆಲಸಾ ನಿಂಬೆವ್ವಾ?” ಎಂದು ಓಣಿಯವರು ನಕ್ಕರು.

“ಜೂಜು ಯಾರಿಗೆ ಬೇಕಾಗೇತಿ?” ಎಂದಳು ನಿಂಬೆವ್ವ. “ಮೂವತ್ತು ವರ್ಷ ಊರ ಮಂದಿಗೆ ನೀಡೀನಿ. ನಾ ಉಣ್ಣೂದು ಎಲ್ಲಾರೂ ಎದ್ದ ಮ್ಯಾಲೆ, ಒಲಿ ಮುಂದ, ನಿಂತs. ಒಂದs ಒಂದು ಊಟ ಕುಂತು ಉಣಬೇಕು. ಯಾರರೆ ನೀಡಬೇಕು. ‘ಇನ್ನೊಂದು ಹಾಕ್ಲಿ ಯವ್ವಾ’ ಅನಬೇಕು. ನಾ ‘ಬ್ಯಾಡ ಬ್ಯಾಡ’ ಅನಬೇಕು. ಅಷ್ಟs ನೋಡ್ರಿ ನನ್ನ ಆಸೆ.”

ಓಣಿಯವರ ನಗು ಅಲ್ಲಿಗೇ ನಿಂತಿತು. ನಾನೂ ಅಲ್ಲೇ ಇದ್ದೆ, ನನ್ನ ಕೈಯಲ್ಲಿ ಆಕೆ ಆಗಷ್ಟೇ ನೀಡಿದ ಮೂರನೇ ರೊಟ್ಟಿ ಇತ್ತು. ನಾಚಿಕೆಯಾಯಿತು.

ಸರಿ, ಹೊರಟರು. ಚೀಲದಲ್ಲಿ ಎರಡು ಸೀರೆ, ಎರಡು ಮುತ್ತುಗದ ಪತ್ರಾವಳಿ. ಕಂಡವರ ತಟ್ಟೆಯಲ್ಲಿ ನಿಂಬೆವ್ವ ಉಣ್ಣುವವಳಲ್ಲ, ಎಲೆ ತನ್ನದೇ ಆಗಬೇಕು. ಬಸ್ಸು ಇಳಿದು ಸಮುದ್ರದ ಹತ್ತಿರ ಬಂದರೆ ಮೊಣಕಾಲು ಹಿಡಿದುಬಿಟ್ಟಿತು. ಆಕೆ ರಸ್ತೆ ಪಕ್ಕದ ಕಟ್ಟೆಯ ಮೇಲೆ ಕುಳಿತಳು.

“ನೀನs ಹೋಗಿ ನೋಡಿ ಬಾ ನನ್ನಪ್ಪಾ. ಬೋರ್ಡಿನ ಚಂದ ನೋಡಬ್ಯಾಡ. ಹೊರಗ ಬರವರ ಮುಖಾ ನೋಡು. ಉಂಡವರ ಮುಖಾ ಸುಳ್ಳು ಹೇಳಂಗಿಲ್ಲ.”

“ಹೂಂ ಯವ್ವಾ. ಮುಖಾ ನೋಡತೀನಿ.”

ಹೋದ. ಮೊದಲನೇ ರಿಸಾರ್ಟ್. ದೊಡ್ಡ ಬಾಗಿಲು ಕಂಡಿತು, ಅದರ ಎದುರು ನಿಂತ. ಅದು ಕ್ಯಾಸಿನೋದ ಬಾಗಿಲು. ಒಬ್ಬ ಬಂದ, ಮುಖ ಒಣಗಿತ್ತು. ಇನ್ನೊಬ್ಬ ಬಂದ, ಮುಖ ಬಾಡಿತ್ತು. ಮೂರನೆಯವನು ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಬಂದ.

“ಅಣ್ಣಾರ, ಹೆಂಗಿತ್ರಿ ಒಳಗ?”

“ತಮ್ಮಾ, ನಿನ್ನ ಕಾಲು ಬೀಳತೀನಿ, ಒಳಗ ಹೋಗಬ್ಯಾಡ! ಮುಂಜಾನಿಂದ ಕುಂತೀನಿ. ಇನ್ನ ಜನ್ಮದಾಗ ಈ ಕಡೆ ಮುಖಾ ಹಾಕಂಗಿಲ್ಲ!”

ಅಡಿವೆಪ್ಪ ಒಂದೇ ಓಟ. “ಯವ್ವಾ ಯವ್ವಾ, ಆ ಊಟ ಬ್ಯಾಡ! ಉಂಡ ಗಂಡಸರು ಅಳಾಕತ್ತಾರ!”

ನಿಂಬೆವ್ವ ಕೇಳಿಸಿಕೊಂಡಳು. ಬಾಗಿಲು ಎಂಥದ್ದು, ಮಂದಿ ಎಂಥವರು ಎಲ್ಲ ಕೇಳಿದಳು. “ಲೇ ಹುಚ್ಚಾ! ಅವರು ಉಂಡು ಬಂದವರಲ್ಲೋ, ಇಸ್ಪೀಟ್ ಆಡಿ ಸೋತು ಬಂದವರು! ಬಾಗಿಲದಾಗ ನಿಂತ್ರ ಊಟ ತಿಳೀತೈತೇನು? ಒಳಗ ಹೋಗಬೇಕು. ಮಂದಿ ಎಲ್ಲಿ ಮುಕುರಿರತಾರ ಅಲ್ಲಿ ಊಟ ಚಲೋ ಇರತೈತಿ. ಹೋಗಿ ಜಾಗಾ ಹಿಡಿ. ನೀಡೂ ತನಕಾ ಕುರ್ಚಿ ಬಿಟ್ಟು ಏಳಬ್ಯಾಡ.”

“ಹೂಂ ಯವ್ವಾ. ಕುರ್ಚಿ ಬಿಟ್ಟು ಏಳಂಗಿಲ್ಲ.” ಒಂದು ಪತ್ರಾವಳಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಎರಡನೇ ರಿಸಾರ್ಟ್. ಊಟದ ಮನೆಯಲ್ಲಿ ಒಬ್ಬ ಗಿರಾಕಿಯೂ ಇಲ್ಲ, ಬಣಬಣ. ಪಕ್ಕದ ದೊಡ್ಡ ಕೋಣೆಯಲ್ಲಿ ಗದ್ದಲವೋ ಗದ್ದಲ. ಹಸಿರು ಬಟ್ಟೆ ಹಾಸಿದ ಮೇಜು, ಸುತ್ತಲೂ ಮಂದಿ, ಮೇಜಿನ ಹಿಂದೆ ಎಲೆ ಹಂಚುವ ಹುಡುಗಿ. ಹಂಚುತ್ತಿದ್ದದ್ದು ಇಸ್ಪೀಟಿನ ಎಲೆ, ಇವನು ಹಾಸಿದ್ದು ಮುತ್ತುಗದ ಎಲೆ. ಖಾಲಿ ಕುರ್ಚಿ ಹಿಡಿದು, ಎಲೆಗೆ ನೀರು ಚಿಮುಕಿಸಿ, ಕೈ ಕಟ್ಟಿ ಕುಳಿತ.

“ಆಡ್ತೀರಾ ಸರ್?”

“ನೀಡ್ರಿ ಮೊದಲ.”

ಅರ್ಧ ತಾಸು ಆಯಿತು. “ಆಡದಿದ್ರೆ ಏಳಿ ಸರ್, ಬೇರೆಯವರು ಕಾಯ್ತಿದ್ದಾರೆ.”

“ನೀಡೂ ತನಕಾ ಏಳಂಗಿಲ್ರಿ.”

ಒಂದು ತಾಸು ಆಯಿತು. ಇಬ್ಬರು ಕಾವಲಿನವರು ಬಂದರು. ಎಳೆದರು, ಅಡಿವೆಪ್ಪ ಕುರ್ಚಿಯ ಕಾಲಿಗೆ ಕಾಲು ಹೆಣೆದುಕೊಂಡ. ಕಡೆಗೆ ಅವರು ಕುರ್ಚಿಯ ಸಮೇತ ಎತ್ತಿದರು, ಕೋಣೆ ದಾಟಿಸಿದರು, ಮೆಟ್ಟಿಲು ಇಳಿಸಿದರು, ರಸ್ತೆಯಲ್ಲಿ ಇಟ್ಟರು. ಆಮೇಲೆ ಕೆಳಗೆ ಕೆಡವಿ ಕುರ್ಚಿ ತೆಗೆದುಕೊಂಡು ಹೋದರು. ಎಲೆ ಅಲ್ಲೇ ಉಳಿಯಿತು.

“ಯವ್ವಾ, ನಾ ಏಳಲಿಲ್ಲ! ಅವರs ಎತ್ತಿದ್ರು!”

“ನಿನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚಲಿ! ಪರಊರಾಗ ಹಿಂಗ ಹೊಟ್ಟಿಬಾಕನಂಗ ಕುಂತ್ರ ಮಾನಾ ಉಳೀತೈತೇನು? ಮರ್ಯಾದೀಲೆ ಇರಬೇಕು. ಅವರು ಏನs ಕೊಡ್ಲಿ, ಒಮ್ಮಿಗೇ ಕೈ ಒಡ್ಡಬಾರದು. ಮೂರು ಸಲ ಬ್ಯಾಡ ಅನಬೇಕು. ನಾಕನೇ ಸಲಾ ಕೇಳಿದ್ರ ಹೂಂ ಅನಬೇಕು.”

ಇದು ನಮ್ಮ ಕಡೆಯ ರೀತಿ, ಗೊತ್ತಲ್ಲ. ಮೂರು ಸಲ ಬೇಡ ಅನ್ನದವನು ಬೀಗನೇ ಅಲ್ಲ. ನಾಲ್ಕನೇ ಸಲ ಕೇಳದವನು ಮನುಷ್ಯನೇ ಅಲ್ಲ.

“ಹೂಂ ಯವ್ವಾ. ಮೂರು ಸಲ ಬ್ಯಾಡ.”

ಉಳಿದದ್ದು ಒಂದೇ ರಿಸಾರ್ಟ್. ಅಲ್ಲಿ ಕೌಂಟರಿನಲ್ಲಿ ಕಾರವಾರದ ಹುಡುಗಿ, ಕನ್ನಡ ಬಲ್ಲವಳು, ನಗುಮುಖದವಳು. ಬಹುಮಾನದ ಕೂಪನ್ ನೋಡಿದಳು, ಇವನ ಮಣ್ಣು ಹತ್ತಿದ ಅಂಗಿ ನೋಡಿದಳು, ಅಯ್ಯೋ ಅನ್ನಿಸಿತು.

“ತಾಯಿ ಜೊತೆ ಬಂದಿದ್ದೀರಾ? ಸಮುದ್ರ ಕಾಣುವ ರೂಮು ಖಾಲಿ ಇದೆ, ಅದನ್ನೇ ಕೊಡಲೇ?”

“ಬ್ಯಾಡ್ರಿ!”

“ಹಾಗಾದರೆ ಊಟವನ್ನಾದರೂ ರೂಮಿಗೇ ತರಿಸಲೇ? ಒಬ್ಬರು ಪಕ್ಕದಲ್ಲೇ ನಿಂತು ಅಮ್ಮನಿಗೆ ಬಿಸಿಬಿಸಿ ಬಡಿಸುತ್ತಾರೆ.”

“ಬ್ಯಾಡ್ರಿ!”

“ಹೋಗಲಿ, ಒಂದು ಎಳನೀರು?”

“ಬ್ಯಾಡ್ರಿ!” ಎಂದ ಅಡಿವೆಪ್ಪ. ಮೂರು ಮುಗಿದವು. ಈಗ ಕೇಳುತ್ತಾಳೆ ಎಂದು ಬಾಯಿ ತುಂಬ ನಗುತ್ತ ನಿಂತ.

ಆ ಹುಡುಗಿ ಕೇಳಲಿಲ್ಲ. ಪಾಪ, ಬೇಡ ಅಂದವರನ್ನು ಕಾಡಬಾರದು ಎಂದು ಆಕೆಗೆ ಕಲಿಸಿದ್ದರು. ಕೂಪನಿಗೆ ಸಿಕ್ಕಾ ಒತ್ತಿ, ಹಿಂದುಗಡೆಯ ಸಣ್ಣ ರೂಮಿನ ಕೀಲಿ ಕೊಟ್ಟಳು. “ಊಟಕ್ಕೆ ಬಫೆ ಇದೆ. ಏಳು ಗಂಟೆಗೆ ಬಂದು ನೀವೇ ಹಾಕಿಕೊಳ್ಳಬೇಕು.”

“ಯವ್ವಾ,” ಎಂದ ಬಂದು. ಎಲ್ಲ ಹೇಳಿದ. “ನಾಕನೇ ಸಲಾ ಆಕಿ ಕೇಳಲs ಇಲ್ಲ!”

ನಿಂಬೆವ್ವ ಬೈಯಲಿಲ್ಲ.

ಕೀಲಿ ನೋಡಿದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. ಬೈಯಲಿಲ್ಲ. ಅಡಿವೆಪ್ಪನಿಗೆ ಹೆದರಿಕೆ ಆಯಿತು. ಹುಟ್ಟಿದಾಗಿನಿಂದ ಬೈಸಿಕೊಂಡವನು, ಬೈಗುಳ ನಿಂತರೆ ಎತ್ತ ಹೋಗಬೇಕು ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

“ಬೈ ಯವ್ವಾ! ಬೈದ್ರ ಮುಂದ ಏನ್ ಮಾಡಬೇಕು ಅಂತ ಗೊತ್ತಾಕ್ಕೇತಿ. ಬೈಯವ್ವಾ!”

“ನಿನ್ನ ಬೈದು ಏನ್ ಮಾಡ್ಲೋ ನನ್ನ ಕೂಸs?” ಎಂದಳು. ದನಿ ಸಣ್ಣಗಾಗಿತ್ತು. “ಒಬ್ಬರು ನಿಂತು ನೀಡತಿದ್ರಂತ. ಹೋಗ್ಲಿ ಬಿಡು, ನನ್ನ ಹಣ್ಯಾಗ ಬರದಿಲ್ಲ.”

“ನೀಡೂದಂದ್ರ ಹೆಂಗ ಯವ್ವಾ?”

“ಹೆಂಗೇನು? ಕುಂತವರನ್ನ ಏಳಗೊಡಬಾರದು. ಬಾಯಿ ಬ್ಯಾಡ ಬ್ಯಾಡ ಅಂತೈತಿ, ಬಾಯಿ ಮಾತು ಕೇಳಬಾರದು. ನೀಡಕೊಂತ ಹೋಗಬೇಕು. ಎಲಿ ಮ್ಯಾಲೆ ಎರಡೂ ಕೈ ಅಡ್ಡ ಹಿಡದ್ರ ಮಾತ್ರ ನಿಲ್ಲಬೇಕು. ನಾ ಮೂವತ್ತು ವರ್ಷ ಹಂಗs ಮಾಡೀನಿ.”

“ಹೂಂ ಯವ್ವಾ,” ಎಂದ ಅಡಿವೆಪ್ಪ. ಆಕೆ ಇದನ್ನು ಅವನಿಗೆ ಬುದ್ಧಿ ಹೇಳಲೆಂದು ಹೇಳಿರಲಿಲ್ಲ. ಅವನಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

ಏಳು ಗಂಟೆಗೆ ಊಟದ ಮನೆ. ಉದ್ದನೆಯ ಮೇಜಿನ ತುಂಬ ಪಾತ್ರೆಗಳು, ತಟ್ಟೆ ಹಿಡಿದ ಮಂದಿಯ ಸಾಲು. ನಿಂಬೆವ್ವ ಕುಳಿತವಳು ಸೆರಗು ಸಿಕ್ಕಿಸಿ ಎದ್ದಳು, ಮಗನಿಗೂ ಹಾಕಿಕೊಂಡು ಬರಬೇಕಲ್ಲ.

“ಕುಂದ್ರು!” ಎಂದ ಅಡಿವೆಪ್ಪ. ಹೆಗಲು ಹಿಡಿದು ಕೂರಿಸಿದ. ಉಳಿದಿದ್ದ ಪತ್ರಾವಳಿ ಹಾಸಿ ನೀರು ಚಿಮುಕಿಸಿದ. ಹೋಗಿ ಪಲಾವಿನ ಪಾತ್ರೆಯನ್ನೇ ಎತ್ತಿಕೊಂಡು ಬಂದ.

“ಏಯ್, ನಾವು ಸಾಲಲ್ಲಿ ನಿಂತಿಲ್ವೇನಯ್ಯಾ?”

“ನಮ್ಮವ್ವ ಕುಂತಾಳ್ರಿ!” ಎಂದ. ಅವನ ಹತ್ತಿರ ಇದ್ದದ್ದು ಅದೊಂದೇ ಉತ್ತರ.

ಪಲಾವು ನೀಡಿದ. ದಾಲು ನೀಡಿದ. ಪಲ್ಯದ ಪಾತ್ರೆ ತಂದು ನೀಡಿದ.

“ಸಾಕೋ ಅಡಿವೆಪ್ಪಾ!”

“ಇನ್ನೊಂಚೂರು ಯವ್ವಾ.”

“ಬ್ಯಾಡೋ, ಮಂದಿ ನೋಡಾಕತ್ತಾರ!”

“ಇನ್ನೊಂದು ಹಾಕ್ಲಿ ಯವ್ವಾ?” ಕೇಳುವುದರೊಳಗೆ ಹಾಕಿದ್ದ.

ನಿಂಬೆವ್ವ ಉಂಡಳು. ಬೇಡ ಅಂದಳು, ಉಂಡಳು. ಸಾಕು ಅಂದಳು, ಉಂಡಳು. ಎರಡು ಕೈ ಅಡ್ಡ ಹಿಡಿದಿದ್ದರೆ ಎಂದೋ ನಿಲ್ಲುತ್ತಿದ್ದ, ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಹಿಡಿಯಲಿಲ್ಲ. ಮೂವತ್ತು ವರ್ಷದ ‘ಬ್ಯಾಡ’ಗಳನ್ನೆಲ್ಲ ಅವತ್ತು ಒಂದೇ ಊಟದಲ್ಲಿ ಅಂದು ಮುಗಿಸಿದಳು.

ಪಾಯಸ ಬಂತು. ಮೂರು ಸೌಟು ಆದ ಮೇಲೆ ಹೊಟ್ಟೆಯಲ್ಲಿ ನಿಜವಾಗಿ ಜಾಗವಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು. ಅಡಿವೆಪ್ಪ ಗಕ್ಕನೆ ನಿಂತ. ತುಂಬಿದ ಸೌಟು ಎಲೆಯ ಮೇಲೆ, ಗಾಳಿಯಲ್ಲಿ.

ಆಕೆ ಕೈ ತೊಳೆಯೋಣ ಎಂದು ಕೈ ತೆಗೆದಳು. ಸೌಟು ಬಾಗಿತು. “ಅಯ್ಯ!” ಮತ್ತೆ ಅಡ್ಡ ಹಿಡಿದಳು, ಸೌಟು ನೆಟ್ಟಗಾಯಿತು. ತೆಗೆದಳು, ಬಾಗಿತು. ಹಿಡಿದಳು, ನಿಂತಿತು. ನೋಡಿ ಮಜಾ, ಒಬ್ಬರ ಎಲೆ ತೆಗೆಯಲು, ಒಬ್ಬರಿಗೆ ನೀಡಲು, ಮೂವತ್ತು ವರ್ಷ ಕೂತಲ್ಲಿ ಕೂರದ ಹೆಂಗಸು ಈಗ ಏಳಬೇಕೆಂದರೂ ಏಳುವ ಹಾಗಿಲ್ಲ!

ಅಷ್ಟರಲ್ಲಿ ಕೋಟು ತೊಟ್ಟ ಮೇಲ್ವಿಚಾರಕ ಓಡಿ ಬಂದ. ಅರ್ಧಕ್ಕರ್ಧ ಪಾತ್ರೆಗಳು ಇವರ ಮೇಜಿನ ಮೇಲಿವೆ, ಬಿಡುತ್ತಾನೆಯೇ? “ಬೇಡ, ಬೇಡ! ಸಾಕು ಮಾಡಿ!” ಎನ್ನುತ್ತ ಸೌಟು ಇಸಿದುಕೊಳ್ಳಲು ಅಂಗೈ ಚಾಚಿದ.

ಅಡಿವೆಪ್ಪ ನೋಡಿದ. ಬಾಯಿ ಬೇಡ ಅನ್ನುತ್ತಿದೆ, ಬಾಯಿ ಮಾತು ಕೇಳಬಾರದು. ಎರಡು ಕೈ ಅಡ್ಡ ಹಿಡಿದಿಲ್ಲ, ಒಂದೇ ಕೈ, ಅದೂ ಅಂಗಾತ. ಪಾಪ, ಹಸಿದಿದ್ದಾನೆ. ಅಂಗೈ ತುಂಬ ಪಾಯಸ ಹಾಕಿದ.

ಮೇಲ್ವಿಚಾರಕ ಅಲ್ಲಾಡಲಿಲ್ಲ. ಚೆಲ್ಲಿದರೆ ಜಮಖಾನೆ ಹಾಳು, ಒರೆಸಿದರೆ ಕೋಟು ಹಾಳು. ಅತ್ತ ನೋಡಿದ, ಇತ್ತ ನೋಡಿದ, ಕಡೆಗೆ ಬಾಯಿಗಿಟ್ಟು ಸೊರಕ್ಕನೆ ಕುಡಿದ.

“ಇನ್ನೊಂದು ಹಾಕ್ಲೇನ್ರಿ?” ಎಂದ ಅಡಿವೆಪ್ಪ.

ನಿಂಬೆವ್ವನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿಯುವ ಹಾಗಿಲ್ಲ, ಕೈ ಎಲೆಯ ಮೇಲಿವೆ. ಬಿದ್ದು ಬಿದ್ದು ನಕ್ಕಳು. “ಪೆದ್ದ ನನಮಗನ! ನಿನ್ನಂಥಾವ್ರು ಎಲ್ಲೂ ಇಲ್ಲಲೇ!” ಎಂದು ಬೈದಳು. ಅಡಿವೆಪ್ಪನ ಮುಖ ಅರಳಿತು. ಅವ್ವ ಬೈದಳು, ಇನ್ನು ಎಲ್ಲ ಸರಿಹೋಯಿತು!

ನಗುತ್ತ ನಗುತ್ತ ಆಕೆಯ ಕಣ್ಣಲ್ಲಿ ನೀರು ಬಂತು. ಅದು ನಗುವಿನದೇ ಎಂದು ನಾನು ಆಣೆ ಮಾಡಲಾರೆ. ಒರೆಸಿಕೊಳ್ಳಲು ಎರಡೂ ಕೈ ಮೇಲಕ್ಕೆತ್ತಿದಳು.

ಅಡಿವೆಪ್ಪ ಎಲೆ ನೋಡಿದ. ಅಡ್ಡ ಕೈ ಇರಲಿಲ್ಲ.

ಪಾಯಸದ ಪಾತ್ರೆಯನ್ನೇ ಬೋರಲು ಹಾಕಿದ.